ನಂಬರ್ ಪ್ಲೇಟ್ ಓದುವ ಕಣ್ಣು

ಊರಿಗೆ ಹೊರಟ ಒಂದು ಕಾರನ್ನು ನೆನೆಸಿಕೊಳ್ಳಿ. ಬೈಕುಲ್ಲಾದಲ್ಲಿ ಇಶಾ ನಮಾಝ್ ಮುಗಿಸಿ, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಈಸ್ಟರ್ನ್ ಫ್ರೀವೇ ಹಿಡಿದು ಚೆಂಬೂರು, ಪನ್ವೇಲ್ ದಾಟಿ ಪುಣೆ ಎಕ್ಸ್‌ಪ್ರೆಸ್‌ವೇ ಸೇರುತ್ತದೆ. ಆಮೇಲೆ ಸತಾರಾ, ಕೊಲ್ಹಾಪುರ, ಬೆಳಗಾವಿ, ಕೊನೆಗೆ ಮಂಗಳೂರು. ದಾರಿಯುದ್ದಕ್ಕೂ ಯಾವ ಪೊಲೀಸರೂ ಕೈ ತೋರಿಸಲಿಲ್ಲ. ಆದರೂ ಆ ಕಾರು ಎಲ್ಲಿ, ಎಷ್ಟು ಗಂಟೆಗೆ ಹಾದುಹೋಯಿತು ಅಂತ ಹಲವು ಕಡೆ ದಾಖಲಾಗಿರುತ್ತದೆ. ಹೇಗೆ?

ಇದನ್ನು ಮಾಡುವುದು ನಂಬರ್ ಪ್ಲೇಟ್ ಓದುವ ಕ್ಯಾಮೆರಾ. ಪೊಲೀಸರ ಭಾಷೆಯಲ್ಲಿ ಎಎನ್‌ಪಿಆರ್. 1976ರಲ್ಲಿ ಬ್ರಿಟನ್ನಿನ ಪೊಲೀಸ್ ಸಂಶೋಧನಾ ವಿಭಾಗದಲ್ಲಿ ಹುಟ್ಟಿದ ತಂತ್ರ ಇದು. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಪ್ಲೇಟಿನ ಮೇಲೆ ಬಿದ್ದು ಹೊಳೆಯುತ್ತದೆ; ಕತ್ತಲಲ್ಲೂ ಚಿತ್ರ ಸ್ಪಷ್ಟ. ಕಂಪ್ಯೂಟರ್ ಆ ಚಿತ್ರದಲ್ಲಿರುವ ಅಕ್ಷರಗಳನ್ನು ಬಿಡಿಸಿ ಓದಿ, ಜಾಗ ಮತ್ತು ಸಮಯವನ್ನು ಸೇರಿಸಿ ಇಡುತ್ತದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಹೈ ಸೆಕ್ಯುರಿಟಿ ಪ್ಲೇಟ್ ಎಲ್ಲ ಗಾಡಿಗಳಲ್ಲೂ ಒಂದೇ ಮಾದರಿಯದ್ದು. ಹಾಗಾಗಿ ಯಂತ್ರಕ್ಕೆ ಓದುವ ಕೆಲಸ ಇನ್ನೂ ಸುಲಭ.

ಒಂದು ಕ್ಯಾಮೆರಾ ಕೊಡುವುದು ಒಂದು ಫೋಟೋ ಮಾತ್ರ. ಎರಡನ್ನು ಜೋಡಿಸಿದರೆ ಅದು ಲೆಕ್ಕ ಹಾಕುತ್ತದೆ. 10 ಕಿಲೋಮೀಟರ್ ಅಂತರದ ಎರಡು ಕ್ಯಾಮೆರಾಗಳನ್ನು ನೀವು 5 ನಿಮಿಷದಲ್ಲಿ ದಾಟಿದರೆ ಸರಾಸರಿ ವೇಗ ಗಂಟೆಗೆ 120. ಮಿತಿ 100 ಇದ್ದರೆ ಚಲನ್ ಖಚಿತ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ಜಾಣತನ ಇಲ್ಲಿ ನಡೆಯುವುದಿಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2024ರಲ್ಲಿ ಇಂಥ ವ್ಯವಸ್ಥೆ ಶುರುವಾಯಿತು. ಅದೇ ವರ್ಷ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಕ್ಯಾಮೆರಾಗಳು ದಂಡ ಹಾಕತೊಡಗಿದವು. 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಕೂಡ ಪ್ರತಿ ಟೋಲ್‌ನಲ್ಲಿ ಇನ್ನೊಂದು ಗುರುತು ಬಿಡುತ್ತದೆ.

ಇದರಿಂದ ಒಳ್ಳೆಯದಾಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ವೇಗ ತಗ್ಗಿದರೆ ಜೀವ ಉಳಿಯುತ್ತದೆ. ಗುದ್ದಿ ಓಡಿದ ಲಾರಿ, ಕಳವಾದ ಬೈಕ್ ಸಿಗುತ್ತದೆ. ಮುಂಬೈ ನಗರದ ಕ್ಯಾಮೆರಾ ಜಾಲಕ್ಕೂ ಒಂದು ನೋವಿನ ಹಿನ್ನೆಲೆಯಿದೆ. 2008ರ ನವೆಂಬರ್ 26ರ ದಾಳಿಯ ನಂತರ ರಾಮ್ ಪ್ರಧಾನ್ ಸಮಿತಿ ಇದನ್ನು ಶಿಫಾರಸು ಮಾಡಿತ್ತು. 2016ರ ಹೊತ್ತಿಗೆ ನಗರದಲ್ಲಿ ಸುಮಾರು 4,700 ಕ್ಯಾಮೆರಾಗಳು ಬಂದವು.

ಹಾಗಾದರೆ ತೊಂದರೆ ಎಲ್ಲಿ? ತಪ್ಪು ಮಾಡಿದವನ ಫೋಟೋ ತೆಗೆಯುವುದು ಬೇರೆ, ತಪ್ಪು ಮಾಡದ ಎಲ್ಲರ ಓಡಾಟವನ್ನು ಬರೆದಿಡುವುದು ಬೇರೆ. ನಾನು ಯಾವ ಮಸೀದಿಗೆ, ಯಾವ ಆಸ್ಪತ್ರೆಗೆ, ಯಾವ ಸಭೆಗೆ ಹೋದೆ ಎಂಬುದೆಲ್ಲ ಆ ದಾಖಲೆಯಿಂದ ತಿಳಿಯುತ್ತದೆ. ಅದನ್ನು ಎಷ್ಟು ದಿನ ಇಡುತ್ತಾರೆ? ಯಾರು ನೋಡಬಹುದು? ಯಾವ ಬೀದಿಯಲ್ಲಿ ಎಷ್ಟು ಕ್ಯಾಮೆರಾ ಅಂತ ತೀರ್ಮಾನಿಸುವವರು ಯಾರು?

ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತು. 2010ರಲ್ಲಿ ಅಲ್ಲಿ ಮುಸ್ಲಿಮರು ಹೆಚ್ಚಾಗಿರುವ ಸ್ಪಾರ್ಕ್‌ಬ್ರೂಕ್ ಮತ್ತು ವಾಶ್‌ವುಡ್ ಹೀತ್ ಸುತ್ತ ಇನ್ನೂರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದರು. ಬಹುಪಾಲು ನಂಬರ್ ಪ್ಲೇಟ್ ಓದುವಂಥವು, ಕೆಲವು ಗುಟ್ಟಾಗಿ ಅಡಗಿಸಿಟ್ಟವು. ಹೊರಗೆ ಹೇಳಿದ್ದು ಅಪರಾಧ ತಡೆಗೆ ಅಂತ. ಹಣ ಬಂದದ್ದು ಭಯೋತ್ಪಾದನೆ ನಿಗ್ರಹದ ನಿಧಿಯಿಂದ. ವಿಷಯ ಬಯಲಾದಾಗ ಜನ ಗಲಾಟೆ ಮಾಡಲಿಲ್ಲ, ಪ್ರಶ್ನೆ ಕೇಳಿದರು. ತನಿಖೆ ನಡೆಯಿತು, ಪೊಲೀಸರು ಕ್ಷಮೆ ಕೇಳಿದರು, ಕ್ಯಾಮೆರಾಗಳನ್ನು ಕಿತ್ತುಹಾಕಲಾಯಿತು. ಬೈಕುಲ್ಲಾ, ನಾಗ್ಪಾಡಾ, ಡೋಂಗ್ರಿಯವರಿಗೆ ಇದರಲ್ಲಿ ಪಾಠವಿದೆ.

ನಮ್ಮಲ್ಲಿ ಕೇಳಲು ಆಧಾರವೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಈ ಹಕ್ಕಿಗೆ ಕೈಹಾಕುವುದಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಅಗತ್ಯಕ್ಕಿಂತ ಹೆಚ್ಚು ಇಣುಕಬಾರದು. 2021ರಲ್ಲಿ ಬಂದ ಮೋಟಾರು ವಾಹನ ನಿಯಮ 167ಎ ಪ್ರಕಾರ ಕ್ಯಾಮೆರಾಕ್ಕೆ ಪ್ರಮಾಣಪತ್ರ ಬೇಕು, ದಾರಿಯಲ್ಲಿ ಎಚ್ಚರಿಕೆ ಫಲಕ ಬೇಕು, ಚಲನ್‌ನಲ್ಲಿ ಫೋಟೋ ಸಾಕ್ಷ್ಯ ಬೇಕು. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆ, ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರದ ಕೈಯಲ್ಲೇ ಇಟ್ಟಿದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ತೂಗುಹಾಕಿದ ಹಾಗೆ.

ಪರರ ಗುಟ್ಟನ್ನು ಕೆದಕಬೇಡಿ ಎಂಬ ಬೋಧನೆ ಕುರ್‌ಆನಿನ ಸೂರಃ ಹುಜುರಾತ್‌ನ 12ನೇ ಸೂಕ್ತದಲ್ಲಿದೆ. ಅತಿಯಾದ ಗುಮಾನಿಯಿಂದ ದೂರವಿರಿ ಎಂಬ ಮಾತೂ ಅಲ್ಲೇ ಇದೆ. ಎರಡೂ ಒಟ್ಟಿಗೆ ಬಂದಿರುವುದನ್ನು ಗಮನಿಸಿ. ಗುಮಾನಿ ಮೊದಲು, ಇಣುಕುವುದು ಆಮೇಲೆ. ಇನ್ನೊಬ್ಬರ ಮಾಹಿತಿ ಕೈಯಲ್ಲಿದ್ದರೆ ಅದೂ ಅಮಾನತ್ತೇ ಅಲ್ವಾ?

ಹಾಗಾದರೆ ನಾವೇನು ಮಾಡಬಹುದು? ಮೊದಲು ನಮ್ಮ ಗಾಡಿಯ ಪ್ಲೇಟ್ ಸರಿಯಾಗಿರಲಿ, ವೇಗ ಮಿತಿಯಲ್ಲಿರಲಿ. ಚಲನ್ ಬಂದರೆ ಫೋಟೋದಲ್ಲಿರುವುದು ನಮ್ಮ ಗಾಡಿಯೇ ಅಂತ ನೋಡಿ. ಯಂತ್ರವೂ ಬಿ ಅಕ್ಷರವನ್ನು 8 ಎಂದು ಓದಬಹುದು, ನಕಲಿ ಪ್ಲೇಟ್ ಹಾಕಿದವರೂ ಇದ್ದಾರೆ. ತಪ್ಪಿದ್ದರೆ ಲಿಖಿತ ಆಕ್ಷೇಪಣೆ ಕೊಡಿ. ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ವಾರ್ಡಿನ ಕ್ಯಾಮೆರಾ ದಾಖಲೆಗಳನ್ನು ಎಷ್ಟು ದಿನ ಇಡುತ್ತಾರೆ ಅಂತ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಲಿ. ಕ್ಯಾಮೆರಾ ನಮ್ಮನ್ನು ನೋಡಲಿ, ಅದು ಯಾಕೆ ನೋಡುತ್ತಿದೆ ಅಂತ ಕೇಳುವ ಹಕ್ಕು ನಮ್ಮಲ್ಲಿರಲಿ.