ಐದು ಬಾಗಿಲಿನ ಬ್ರೋಕರ್

ರೆಸ್ಯೂಮೆಯ ‘ಸ್ಕಿಲ್ಸ್’ ಕಾಲಂನಲ್ಲಿ ಕಾಫ್ಕಾ, ರ್‍ಯಾಬಿಟ್‌ಎಂಕ್ಯೂ, ಆಕ್ಟಿವ್‌ಎಂಕ್ಯೂ ಎಂದು ಸಾಲಾಗಿ ಬರೆಯದ ಕಂಪ್ಯೂಟರ್ ಸೈನ್ಸ್ ಪದವೀಧರರು ಈಗ ಸಿಗುವುದೇ ಕಷ್ಟ. ನಾನೂ ಬರೆದಿದ್ದೆ. ಹನ್ನೊಂದು ಇಂಟರ್‌ವ್ಯೂಗಳಲ್ಲಿ ಯಾರೂ ಅದರ ಬಗ್ಗೆ ಕೇಳಲಿಲ್ಲ. ಹನ್ನೆರಡನೆಯದರಲ್ಲಿ ಎದುರಿಗಿದ್ದ ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ‘ಇಲ್ಲಿ ಐದು ಸಾಲು ಇವೆ. ಯಾವುದನ್ನ ಇಟ್ಕೋತೀರಿ, ಯಾವುದನ್ನ ತೆಗೀತೀರಿ? ಯಾಕೆ?’ ಎಂದರು. ಅದು ಅಪಾಚೆ ಆಕ್ಟಿವ್‌ಎಂಕ್ಯೂನ ಕಾನ್ಫಿಗರೇಶನ್ ಫೈಲ್. ಆ ಐದು ಸಾಲಿನ ಮೇಲೆ ನಲವತ್ತು ನಿಮಿಷ ಮಾತು ನಡೆಯಿತು. ಕೆಲಸ ಸಿಕ್ಕಿತು.

‘ಮೆಸೇಜ್ ಬ್ರೋಕರ್ ನೋಡ್ಕೊಳ್ಳೋ ಕೆಲಸ’ ಎಂದು ಫೋನ್ ಮಾಡಿ ಹೇಳಿದರೆ ಸಾಗರದಲ್ಲಿರುವ ಅಪ್ಪ, ‘ದಲ್ಲಾಳಿ ಆಗೋಕೆ ಎಂಜಿನಿಯರಿಂಗ್ ಓದ್ಬೇಕಿತ್ತಾ ಮಾರಾಯ್ತಿ?’ ಎಂದು ನಕ್ಕರು. ಅಡಿಕೆ ಮಂಡಿಯನ್ನೇ ಹಿಡಿದು ವಿವರಿಸಿದೆ. ಬೆಳೆಗಾರ ಮಂಡಿಯಲ್ಲಿ ಮೂಟೆ ಇಳಿಸಿ ಮನೆಗೆ ಬರುತ್ತಾನೆ. ಖರೀದಿದಾರ ತನಗೆ ಬೇಕಾದಾಗ ಬಂದು ಒಯ್ಯುತ್ತಾನೆ. ಇಬ್ಬರೂ ಮುಖಾಮುಖಿ ಆಗಲೇಬೇಕೆಂದಿಲ್ಲ. ಬ್ರೋಕರ್ ಸರ್ವರ್ ಕೂಡ ಹೀಗೇ ಒಂದು ಪ್ರೋಗ್ರಾಂ ಕಳಿಸಿದ ಸಂದೇಶವನ್ನು ಇಟ್ಟುಕೊಂಡು ಇನ್ನೊಂದಕ್ಕೆ ಕೊಡುತ್ತದೆ. ಪಡೆಯುವ ಪ್ರೋಗ್ರಾಂ ಆ ಹೊತ್ತಿಗೆ ಮಲಗಿದ್ದರೂ ಕಳಿಸುವವನ ಕೆಲಸ ನಿಲ್ಲುವುದಿಲ್ಲ.

ಮಂಡಿಗೂ ಬ್ರೋಕರ್‌ಗೂ ಒಂದು ವ್ಯತ್ಯಾಸವಿದೆ. ಇಲ್ಲಿಗೆ ಬರುವ ಗಿರಾಕಿಗಳು ಬೇರೆ ಬೇರೆ ಭಾಷೆ ಆಡುತ್ತಾರೆ, ಒಂದೊಂದು ಭಾಷೆಗೂ ಒಂದೊಂದು ಬಾಗಿಲು. ಹೊಸದಾಗಿ ಇಳಿಸಿಕೊಂಡ ಆಕ್ಟಿವ್‌ಎಂಕ್ಯೂನ ಎಕ್ಸ್‌ಎಂಎಲ್ ಫೈಲ್‌ನಲ್ಲಿ ‘ಟ್ರಾನ್ಸ್‌ಪೋರ್ಟ್ ಕನೆಕ್ಟರ್ಸ್’ ಎಂಬ ಭಾಗವಿದೆ. ಅದರಲ್ಲಿ ಓಪನ್‌ವೈರ್‌ಗೆ 61616, ಎಎಂಕ್ಯುಪಿಗೆ 5672, ಸ್ಟಾಂಪ್‌ಗೆ 61613, ಎಂಕ್ಯುಟಿಟಿಗೆ 1883, ವೆಬ್‌ಸಾಕೆಟ್‌ಗೆ 61614 ಪೋರ್ಟ್ ಕೊಟ್ಟಿರುತ್ತಾರೆ. ಸ್ಟಾರ್ಟ್ ಕೊಟ್ಟ ಕೂಡಲೇ ಐದೂ ಬಾಗಿಲು ತೆರೆಯುತ್ತವೆ. ಎಲ್ಲದರ ವಿಳಾಸವೂ 0.0.0.0, ಅಂದರೆ ಆ ಯಂತ್ರದ ಯಾವ ನೆಟ್‌ವರ್ಕ್‌ನಿಂದ ಬಂದರೂ ಸರಿ. ಕಲಿಯುವವರಿಗೆ ಇದು ಅನುಕೂಲ. ನಿಜವಾದ ಸರ್ವರ್‌ನಲ್ಲಿ ಇದನ್ನು ಹೀಗೇ ಬಿಡುವುದು ನನ್ನ ಪ್ರಕಾರ ಸೋಮಾರಿತನ.

ನಮ್ಮ ಕಂಪನಿಯದು ಶೀತಲೀಕೃತ ಲಾರಿಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಲಾರಿಯೊಳಗಿನ ಚಿಕ್ಕ ಸಾಧನ ಪ್ರತಿ ನಿಮಿಷ ತಾಪಮಾನ ಕಳಿಸುತ್ತದೆ. ಘಾಟಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಇಂಥ ಕಡೆಗೆಂದೇ ಹುಟ್ಟಿದ್ದು ಎಂಕ್ಯುಟಿಟಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಸೇರಿ, ದೂರದ ತೈಲ ಕೊಳವೆಗಳ ಮಾಹಿತಿಯನ್ನು ದುಬಾರಿ ಉಪಗ್ರಹ ಸಂಪರ್ಕದ ಮೂಲಕ ತರಲು ಇದನ್ನು ರೂಪಿಸಿದರು. ಇದರ ಹೆಡರ್ ಎರಡೇ ಬೈಟ್‌ಗೆ ಇಳಿಯಬಲ್ಲದು. ಅದಕ್ಕೇ ಆ ಬಾಗಿಲು ನಮಗೆ ಬೇಕು. ಬಿಲ್ಲಿಂಗ್ ಮಾಡುವ ಪ್ರೋಗ್ರಾಂ ಜಾವಾದ್ದು. ಅದಕ್ಕೆ ಆಕ್ಟಿವ್‌ಎಂಕ್ಯೂನ ಸ್ವಂತ ಭಾಷೆಯಾದ ಓಪನ್‌ವೈರ್ ಸಾಕು. ಸ್ಟಾಂಪ್ ಮತ್ತು ವೆಬ್‌ಸಾಕೆಟ್ ಬಳಸುವವರು ನಮ್ಮಲ್ಲಿ ಯಾರೂ ಇಲ್ಲ, ಆ ಎರಡೂ ಸಾಲುಗಳನ್ನು ಕಾಮೆಂಟ್ ಮಾಡಿಬಿಟ್ಟಿದ್ದೇವೆ.

ಎಎಂಕ್ಯುಪಿಯದ್ದೇ ಒಂದು ಕಥೆ. ರಿಪೋರ್ಟ್ ತಂಡದ ಹುಡುಗ ಪೈಥಾನ್‌ನ ಪಿಕಾ ಲೈಬ್ರರಿ ಹಾಕಿಕೊಂಡು 5672ಕ್ಕೆ ಕನೆಕ್ಟ್ ಮಾಡುತ್ತಲೇ ಇದ್ದ. ಪೋರ್ಟ್ ತೆರೆದಿದೆ, ಪಾಸ್‌ವರ್ಡ್ ಸರಿಯಿದೆ, ಕನೆಕ್ಷನ್ ಮಾತ್ರ ನಿಲ್ಲುತ್ತಿಲ್ಲ. ಕಾರಣ ಹೆಸರಿನಲ್ಲಿದೆ. 2003ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನಲ್ಲಿ ಶುರುವಾದ ಈ ಪ್ರೋಟೊಕಾಲ್‌ಗೆ ಇಂದು ಎರಡು ದೊಡ್ಡ ಆವೃತ್ತಿಗಳು ಚಾಲ್ತಿಯಲ್ಲಿವೆ. ರ್‍ಯಾಬಿಟ್‌ಎಂಕ್ಯೂ ಬೆಳೆದದ್ದು 0-9-1ರ ಮೇಲೆ, ಪಿಕಾ ಆಡುವುದೂ ಅದನ್ನೇ. ಆಕ್ಟಿವ್‌ಎಂಕ್ಯೂಗೆ ಬರುವುದು 1.0 ಮಾತ್ರ. ಇವೆರಡೂ ಒಂದರ ಸುಧಾರಿತ ರೂಪ ಇನ್ನೊಂದು ಎನ್ನುವಷ್ಟು ಹತ್ತಿರವೂ ಇಲ್ಲ. ಕೊನೆಗೆ 1.0 ಬಲ್ಲ ಪ್ರೋಟಾನ್ ಲೈಬ್ರರಿ ಹಾಕಿಕೊಂಡ ಮೇಲೆ ಕೆಲಸ ಆಯಿತು. ‘ಎಎಂಕ್ಯುಪಿ ಗೊತ್ತು’ ಎಂದು ರೆಸ್ಯೂಮೆಯಲ್ಲಿ ಬರೆಯುವವರು ಪಕ್ಕದಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಬರೆದರೆ ಕೇಳುವವರ ಹುಬ್ಬು ಏರುತ್ತದೆ, ನೋಡಿ.

ಬಾಗಿಲು ತೆರೆದ ಮೇಲೂ ಒಂದು ಗೊಂದಲ ಕಾದಿರುತ್ತದೆ. ಲಾರಿಯ ಸಾಧನ ‘ಲಾರಿ/ಏಳು/ತಾಪ’ ಎಂಬ ಟಾಪಿಕ್‌ಗೆ ಸಂದೇಶ ಹಾಕಿತು ಎನ್ನಿ. ಜಾವಾ ಪ್ರೋಗ್ರಾಂ ಅದೇ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಬ್ರೋಕರ್ ಒಳಗೆ ಓರೆಗೆರೆ ಚುಕ್ಕಿಯಾಗಿ ಬದಲಾಗಿ, ಅದು ‘ಲಾರಿ.ಏಳು.ತಾಪ’ ಆಗಿರುತ್ತದೆ. ಎಂಕ್ಯುಟಿಟಿಯಲ್ಲಿ ‘ಇಲ್ಲಿ ಯಾವುದಿದ್ದರೂ ಸರಿ’ ಎನ್ನುವ ಪ್ಲಸ್ ಚಿಹ್ನೆ ಒಳಗೆ ನಕ್ಷತ್ರವಾಗುತ್ತದೆ. ಜತೆಗೆ, ಎಂಕ್ಯುಟಿಟಿಯಿಂದ ಬಂದದ್ದು ಟಾಪಿಕ್‌ಗೆ ಹೋಗುತ್ತದೆ. ಕ್ಯೂ ಮುಂದೆ ಕಾದು ಕೂತ ಪ್ರೋಗ್ರಾಂಗೆ ಅದು ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆ ಏರ್ಪಾಡು ಮಾಡಬೇಕು. ಇಂಟರ್‌ವ್ಯೂನಲ್ಲಿ ಮೇಡಂ ಕೇಳಿದ ಎರಡನೇ ಪ್ರಶ್ನೆ ಇದೇ. ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ತೋಟದ ತೇವಾಂಶ ಅಳೆಯುವ ಸೆನ್ಸರ್ ಕಟ್ಟಿದ್ದರಿಂದ ಈ ಚುಕ್ಕಿಯ ಕಾಟ ನನಗೆ ಪರಿಚಯವಿತ್ತು.

ಸಾಲಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗವನ್ನು ಯಾರೂ ಓದುವುದಿಲ್ಲ. ಅಲ್ಲಿ ಗರಿಷ್ಠ ಸಂಪರ್ಕ 1000, ಒಂದು ಫ್ರೇಮ್‌ನ ಗರಿಷ್ಠ ಗಾತ್ರ 104857600 ಬೈಟ್, ಅಂದರೆ 100 ಎಂಬಿ ಎಂದಿರುತ್ತದೆ. ತಾಪಮಾನ ಕಳಿಸುವ ಸಾಧನಕ್ಕೆ 100 ಎಂಬಿ ಯಾಕೆ? ನಾವು ಅದನ್ನು ಕೆಲವೇ ಕೆಬಿಗೆ ಇಳಿಸಿದ್ದೇವೆ. ಲಾರಿಗಳು ಸಾವಿರ ದಾಟುವ ಸೂಚನೆ ಇರುವುದರಿಂದ ಸಂಪರ್ಕದ ಸಂಖ್ಯೆಯನ್ನು ಏರಿಸಿ, ವಿಳಾಸದ ಆರಂಭದಲ್ಲಿ ‘ಎಂಕ್ಯುಟಿಟಿ’ ಇದ್ದದ್ದನ್ನು ‘ಎಂಕ್ಯುಟಿಟಿ+ಎನ್‌ಐಒ’ ಮಾಡಿದ್ದೇವೆ. ಮೊದಲಿನದರಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಥ್ರೆಡ್ ಮೀಸಲಿರುತ್ತದೆ. ಎರಡನೆಯದರಲ್ಲಿ ಕೆಲವೇ ಥ್ರೆಡ್‌ಗಳು ನೂರಾರು ಸಂಪರ್ಕಗಳನ್ನು ಸುಧಾರಿಸುತ್ತವೆ. ನಾಲ್ಕೇ ಅಕ್ಷರ ಸೇರಿಸಿದ್ದಕ್ಕೆ ಇಷ್ಟು ಲಾಭ.

ಇಷ್ಟು ಚೌಕಾಶಿ ಯಾಕೆ ಎಂದು ಕೇಳುವವರಿಗೆ 2023ರ ಅಕ್ಟೋಬರ್ ನೆನಪಿಸಬೇಕು. ಆಗ ಓಪನ್‌ವೈರ್‌ನಲ್ಲೇ ಒಂದು ದೋಷ ಹೊರಬಿತ್ತು. ಅದರ ಗುರುತಿನ ಸಂಖ್ಯೆ ಸಿವಿಇ-2023-46604. 61616ಕ್ಕೆ ತಲುಪಬಲ್ಲ ಯಾರೇ ಆದರೂ ಒಂದು ಕುತಂತ್ರದ ಸಂದೇಶ ಕಳಿಸಿ ಸರ್ವರ್‌ನಲ್ಲಿ ತಮಗೆ ಬೇಕಾದ ಕಮಾಂಡ್ ಓಡಿಸಬಹುದಿತ್ತು. ಅಪಾಚೆ ಸಂಸ್ಥೆ ತೀವ್ರತೆಗೆ ಕೊಟ್ಟ ಅಂಕ 10ಕ್ಕೆ 10. ಸರಿಪಡಿಸಿದ 5.18.3 ಮೊದಲಾದ ಆವೃತ್ತಿಗಳು ಬಂದರೂ, ಅಪ್‌ಡೇಟ್ ಆಗದ ಸರ್ವರ್‌ಗಳನ್ನು ರ್‍ಯಾನ್ಸಮ್‌ವೇರ್ ಗುಂಪುಗಳು ಹುಡುಕಿಕೊಂಡು ಹೋದವು. ನನ್ನ ಕಾಲೇಜಿನ ಗೆಳತಿ ಕೆಲಸ ಮಾಡುತ್ತಿದ್ದ ಕಡೆ ಬ್ರೋಕರನ್ನು ಬಳಸುತ್ತಿದ್ದ ಪ್ರೋಗ್ರಾಂಗಳೆಲ್ಲ ಅದೇ ಯಂತ್ರದಲ್ಲಿದ್ದವು. ಆದರೂ 61616 ಇಂಟರ್‌ನೆಟ್‌ಗೆ ತೆರೆದಿತ್ತು. ಆ ಸಾಲಿನಲ್ಲಿ 0.0.0.0 ಬದಲು 127.0.0.1 ಎಂದಿದ್ದರೆ ಹೊರಗಿನವರಿಗೆ ಬಾಗಿಲೇ ಕಾಣುತ್ತಿರಲಿಲ್ಲ. ಅವಳ ದೀಪಾವಳಿ ರಜೆ ಬ್ಯಾಕಪ್ ಮರಳಿಸುವುದರಲ್ಲೇ ಮುಗಿಯಿತು.

ಕಲಿಯಲು ದುಬಾರಿ ಕೋರ್ಸ್ ಬೇಡ. ಜಾವಾ ಇರುವ ಲ್ಯಾಪ್‌ಟಾಪ್ ಸಾಕು. ಫೈಲ್‌ನಿಂದ ಒಂದೊಂದೇ ಸಾಲು ತೆಗೆಯಿರಿ, ರೀಸ್ಟಾರ್ಟ್ ಮಾಡಿ, ನೆಟ್‌ಸ್ಟ್ಯಾಟ್‌ನಲ್ಲಿ ಆ ಪೋರ್ಟ್ ಮಾಯವಾಯಿತೇ ನೋಡಿ. ಸ್ಟಾಂಪ್ ಸಾಲನ್ನು ಮಾತ್ರ ಕೊನೆಯವರೆಗೆ ಇಟ್ಟುಕೊಳ್ಳಿ. ಅದು ಬರೀ ಅಕ್ಷರಗಳ ಭಾಷೆಯಾದ್ದರಿಂದ ಟೆಲ್ನೆಟ್‌ನಲ್ಲಿ ಕೈಯಾರೆ ಟೈಪ್ ಮಾಡಿ ಬ್ರೋಕರ್ ಜತೆ ಮಾತಾಡಬಹುದು. ಮೊದಲ ಸಲ ಅದು ‘ಕನೆಕ್ಟೆಡ್’ ಎಂದು ಉತ್ತರ ಕೊಟ್ಟಾಗ ಸಿಗುವ ಖುಷಿ ಬೇರೆಯೇ. ಬಳಕೆದಾರ ಹೆಸರು, ಪಾಸ್‌ವರ್ಡ್ ಕೇಳುವ ಪ್ಲಗಿನ್ ಸೇರಿಸುವುದು ಅದರ ನಂತರದ ಪಾಠ.

ಸದ್ಯ ನನ್ನ ಮೇಜಿನ ಮೇಲಿರುವುದು ಎಂಕ್ಯುಟಿಟಿಯನ್ನು 1883ರಿಂದ ಗೂಢಲಿಪಿಯ 8883ಕ್ಕೆ ಸಾಗಿಸುವ ಕೆಲಸ. ಸರ್ವರ್ ಕಡೆ ಪ್ರಮಾಣಪತ್ರದ ಫೈಲ್, ಅದರ ಪಾಸ್‌ವರ್ಡ್, ಹೊಸದೊಂದು ಸಾಲು. ಅದಕ್ಕೆ ಅರ್ಧ ದಿನ ಸಾಕಾಯಿತು. ಆದರೆ ಹಳೆಯ ಅರವತ್ತು ಲಾರಿಗಳ ಸಾಧನಗಳಿಗೆ ಟಿಎಲ್‌ಎಸ್ ನಡೆಸುವಷ್ಟು ಮೆಮೊರಿ ಇಲ್ಲ. ಅವುಗಳಿಗಾಗಿ 1883 ಬಾಗಿಲನ್ನು ವಿಪಿಎನ್ ಒಳಗಿನ ವಿಳಾಸಕ್ಕೆ ಮಾತ್ರ ಕಟ್ಟಿ ಇಟ್ಟುಕೊಂಡಿದ್ದೇವೆ. ಲಾರಿಗಳು ಒಂದೊಂದಾಗಿ ಸರ್ವಿಸ್‌ಗೆ ಬಂದಾಗ ಸಾಧನ ಬದಲಾಗುತ್ತಿದೆ. ಕಳೆದ ಶನಿವಾರಕ್ಕೆ ಹತ್ತೊಂಬತ್ತು ಆಗಿವೆ.