ಅಂಗಡಿ ನಮ್ಮದು, ಅಪ್ಪಣೆ ಅವರದು

ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವುದು ನಮ್ಮ ಕಡೆಯ ಹೆಂಗಸರಿಗೆ ಹೊಸದೇನಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಸಂಸಾರಕ್ಕೆ ಹೆಗಲು ಕೊಟ್ಟವರು ಪ್ರತಿ ಬೀದಿಯಲ್ಲೂ ಇದ್ದಾರೆ. ತಿಂಡಿ ಮಾರಲು ಇಲ್ಲೂ ಒಂದು ನೋಂದಣಿ ಬೇಕು, ನಿಜ. ಆದರೆ "ನೀವು ಈ ದೇಶದಲ್ಲಿ ದುಡಿಯಬಹುದೇ?" ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ.

ಸಮುದ್ರ ದಾಟಿದ ಮೇಲೆ ಮಾತೇ ಬೇರೆ. "ಸಿಂಗಾಪುರದಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರಮ್ಮ, ಒಂದು ಇಡ್ಲಿ-ದೋಸೆ ಹೋಟೆಲ್ ಹಾಕಿದರೆ ಸಾಕು" ಎಂದು ಮಗ ಹೊರಟು ನಿಂತರೆ, ಮೊದಲು ಬ್ಯಾಂಕಿಗೆ ಹೋಗುವುದು ತಾಯಿಯ ಬಳೆ, ಹೆಂಡತಿಯ ಸರ. ಒಡವೆ ನಮ್ಮದಾದ ಮೇಲೆ ಕಾನೂನನ್ನೂ ನಾವೇ ಸ್ವಲ್ಪ ತಿಳಿದುಕೊಳ್ಳುವುದು ಬೇಡವೇ? ಸಿಂಗಾಪುರವನ್ನೇ ಉದಾಹರಣೆಯಾಗಿ ನೋಡೋಣ.

ಒಡೆತನ ಬೇರೆ, ದುಡಿಮೆ ಬೇರೆ

ಸಿಂಗಾಪುರದಲ್ಲಿ ಹೊರಗಿನವರು ಕಂಪನಿ ತೆರೆಯುವುದು ಅಷ್ಟೇನೂ ಕಷ್ಟವಲ್ಲ. ನೂರಕ್ಕೆ ನೂರು ಷೇರು ನಮ್ಮ ಹೆಸರಲ್ಲೇ ಇರಬಹುದು. ಅಲ್ಲೇ ವಾಸವಾಗಿರುವ ಒಬ್ಬ ನಿರ್ದೇಶಕರಾದರೂ ಇರಬೇಕು, ನೋಂದಣಿಯನ್ನು ಪರವಾನಗಿ ಇರುವ ಮಧ್ಯಸ್ಥ ಸಂಸ್ಥೆಯ ಮೂಲಕ ಮಾಡಿಸಬೇಕು. ಇಷ್ಟಾದರೆ ಕಂಪನಿ ನಮ್ಮದು.

ಮೋಸ ಹೋಗುವುದು ಇಲ್ಲೇ! ಕಂಪನಿ ನಮ್ಮದಾಯಿತು ಎಂದಾಕ್ಷಣ ಗಲ್ಲಾದ ಮೇಲೆ ಕೂರುವ ಹಕ್ಕು ಬರುವುದಿಲ್ಲ. ಅಲ್ಲಿ ಇದ್ದು ಕೆಲಸ ಮಾಡಬೇಕಾದರೆ ಮಾನವಶಕ್ತಿ ಇಲಾಖೆಯಿಂದ ಬೇರೆಯೇ ಒಂದು ಪಾಸು ಬೇಕು. "ನಾನು ಯಾರ ಕೈಕೆಳಗೂ ಇಲ್ಲ, ನನ್ನ ಅಂಗಡಿಯಲ್ಲಿ ನಾನೇ ದುಡಿಯುತ್ತೇನೆ" ಎಂದರೂ ಬಿಡುವುದಿಲ್ಲ. ಪಾಸಿಲ್ಲದೆ ಸ್ವಂತ ಕಸುಬು ಮಾಡಿದ ವಿದೇಶಿಯರಿಗೆ 20,000 ಸಿಂಗಾಪುರ ಡಾಲರ್‌ವರೆಗೆ ದಂಡ, ಇಲ್ಲವೇ 2 ವರ್ಷದವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಉದ್ಯಮಿಗಳಿಗೆಂದೇ ಒಂದು ಪಾಸು

ಹೊರಗಿನಿಂದ ಬಂದು ಸ್ವಂತ ಉದ್ಯಮ ಕಟ್ಟುವವರಿಗೆ ಸಿಂಗಾಪುರ ಸರ್ಕಾರ 2003ರಲ್ಲಿ "ಆಂಟ್ರಪಾಸ್" ಎಂಬುದನ್ನು ತಂದಿತು. ಇದಕ್ಕೆ ಇಂತಿಷ್ಟು ಸಂಬಳ ಇರಲೇಬೇಕೆಂಬ ಕಟ್ಟಳೆ ಇಲ್ಲ. ಆದರೆ ಬೇರೆ ಷರತ್ತುಗಳು ಗಟ್ಟಿಯಾಗಿವೆ. ಕಂಪನಿ ಪ್ರೈವೇಟ್ ಲಿಮಿಟೆಡ್ ಆಗಿರಬೇಕು, ಅರ್ಜಿದಾರರ ಕೈಯಲ್ಲಿ ಕನಿಷ್ಠ ನೂರಕ್ಕೆ 30 ಪಾಲು ಷೇರು ಇರಬೇಕು. ಜೊತೆಗೆ ಅವರಲ್ಲೊಂದು ವಿಶೇಷ ಇರಬೇಕು: ಸರ್ಕಾರ ಮನ್ನಿಸುವ ಹೂಡಿಕೆದಾರರ ಹಣ, ಸ್ವಂತ ಪೇಟೆಂಟು, ವಿಶ್ವವಿದ್ಯಾಲಯದ ಜೊತೆ ಸಂಶೋಧನೆ, ಉದ್ಯಮ ಕಟ್ಟಿ ನಡೆಸಿದ ಅನುಭವ, ಇಂಥದ್ದು ಯಾವುದಾದರೂ ಒಂದು.

ಯಾವ ವ್ಯಾಪಾರಕ್ಕೆ ಈ ಪಾಸು ಇಲ್ಲ ಎಂಬ ಪಟ್ಟಿಯನ್ನು ನಾವು ಗಮನವಿಟ್ಟು ಓದಬೇಕು. ಕಾಫಿ ಅಂಗಡಿ, ಸಾಲುಸಾಲು ತಿಂಡಿ ಗೂಡಂಗಡಿಗಳ ಹಾಕರ್ ಸೆಂಟರ್, ಫುಡ್ ಕೋರ್ಟ್, ಬಾರು, ಮಸಾಜು ಕೇಂದ್ರ, ಗಿಡಮೂಲಿಕೆ ಔಷಧಿ ಮಾರುವುದು, ಕೆಲಸ ಕೊಡಿಸುವ ಏಜೆನ್ಸಿ, ಇವೆಲ್ಲ ಆ ಪಟ್ಟಿಯಲ್ಲಿವೆ. ಸಾಧಾರಣ ಇಡ್ಲಿ-ದೋಸೆ ಹೋಟೆಲಿನ ಹೆಸರು ಅಲ್ಲಿ ಇಲ್ಲದಿದ್ದರೂ, ಹೊಸತನ ಕೇಳುವ ಈ ಪರೀಕ್ಷೆಯಲ್ಲಿ ಅದು ದಾಟುವುದು ಕಷ್ಟವೇ. ನಮ್ಮ ಸಾಂಬಾರಿನ ರುಚಿ ನಮಗೆ ದೊಡ್ಡದು, ಅವರಿಗೆ ಅದು ಆವಿಷ್ಕಾರವಲ್ಲ!

ತನ್ನ ಕಂಪನಿಯಿಂದಲೇ ತನಗೆ ಉದ್ಯೋಗದ ಪಾಸು ಕೇಳುವ ಇನ್ನೊಂದು ದಾರಿಯೂ ಇದೆ. ಆದರೆ ಆ ಪಾಸಿಗೆ 2025ರ ಜನವರಿಯಿಂದ ಕನಿಷ್ಠ ತಿಂಗಳ ಸಂಬಳ 5,600 ಡಾಲರಿಗೆ ಏರಿತು, ವಯಸ್ಸು ಹೆಚ್ಚಿದಂತೆ ಅದೂ ಹೆಚ್ಚು. ಇದಲ್ಲದೆ 2023ರ ಸೆಪ್ಟೆಂಬರಿನಿಂದ ಓದು, ಸಂಬಳ ಎಲ್ಲಕ್ಕೂ ಅಂಕ ಹಾಕುವ ಪದ್ಧತಿ ಬಂದಿದೆ. ಆಗಷ್ಟೇ ಬಾಗಿಲು ತೆಗೆದ ಅಂಗಡಿಗೆ ಈ ಭಾರ ಸಾಮಾನ್ಯವೇ?

ಪಾಸು ಸಿಕ್ಕಿತು ಎಂದು ಸಿಹಿ ಹಂಚಿ ಕೂರುವ ಹಾಗೂ ಇಲ್ಲ. ಮೊದಲ ಆಂಟ್ರಪಾಸಿನ ಆಯಸ್ಸು ಒಂದೇ ವರ್ಷ. ಮುಂದುವರಿಸಬೇಕಾದರೆ ಅಲ್ಲಿನವರಿಗೆ ಎಷ್ಟು ಕೆಲಸ ಕೊಟ್ಟಿರಿ, ವ್ಯಾಪಾರಕ್ಕೆ ಎಷ್ಟು ಖರ್ಚು ಮಾಡಿದಿರಿ ಎಂದು ಲೆಕ್ಕ ಕೇಳುತ್ತಾರೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲೂ ಇದೇ ಲೆಕ್ಕ: ವರ್ಷಕ್ಕೆ ಕನಿಷ್ಠ 1 ಲಕ್ಷ ಡಾಲರ್ ವ್ಯಾಪಾರದ ಖರ್ಚು, ಜೊತೆಗೆ ಸ್ಥಳೀಯರಿಗೆ ಉದ್ಯೋಗ. ಅಂದರೆ ಮೊದಲ ದಿನಗಳಲ್ಲಿ ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದೇ ಲೆಕ್ಕ ಹಾಕಿಕೊಳ್ಳಬೇಕು.

ಜೊತೆಗೆ ಹೋದ ಹೆಂಡತಿ

ಗಂಡನ ಉದ್ಯೋಗದ ಮೇಲೆ ಹೋದ ಹೆಣ್ಣುಮಕ್ಕಳಿಗೆ ಸಿಗುವುದು ಅವಲಂಬಿತರ ಪಾಸು. ಮೊದಲು ಇಂಥವರು ಒಂದು ಒಪ್ಪಿಗೆ ಪತ್ರ ಪಡೆದು ನೌಕರಿಗೆ ಸೇರಬಹುದಿತ್ತು. 2021ರ ಮೇ 1ರಿಂದ ಅದು ಸಾಲದು ಎಂದಾಯಿತು. ನೌಕರಿ ಬೇಕೆಂದರೆ ಅವರಿಗೇ ಬೇರೆ ಕೆಲಸದ ಪಾಸು ಆಗಬೇಕು.

ಆದರೆ ಸ್ವಂತ ವ್ಯಾಪಾರ ಮಾಡುವ ಹೆಂಗಸಿಗೆ ಒಂದು ಕಿಂಡಿ ಉಳಿದಿದೆ. ವ್ಯಾಪಾರ ಅವಳೊಬ್ಬಳ ಹೆಸರಲ್ಲಿರಬೇಕು, ಇಲ್ಲವೇ ಅವಳು ಪಾಲುದಾರಳೋ, ನೂರಕ್ಕೆ 30 ಪಾಲು ಇರುವ ನಿರ್ದೇಶಕಿಯೋ ಆಗಿರಬೇಕು. ಆಗ ಆ ಒಪ್ಪಿಗೆ ಪತ್ರ ಕೇಳಬಹುದು. ಷರತ್ತೇನೆಂದರೆ, ಅವಳ ವ್ಯಾಪಾರದಿಂದ ಅಲ್ಲಿಯ ಒಬ್ಬರಿಗಾದರೂ ಸರ್ಕಾರ ಗೊತ್ತು ಮಾಡಿದ ಸಂಬಳದ ಕೆಲಸ ಸಿಕ್ಕಿರಬೇಕು, ಕನಿಷ್ಠ ಮೂರು ತಿಂಗಳಾದರೂ ಅವರ ಭವಿಷ್ಯನಿಧಿ ಕಟ್ಟಿರಬೇಕು. ಪತ್ರವಿಲ್ಲದೆ ಫ್ಲಾಟಿನಲ್ಲೇ ಚಕ್ಕುಲಿ ಕರಿದು ಕಾಸಿಗೆ ಮಾರಿದರೆ ಅದೂ "ಕೆಲಸ"ವೇ. ಹೊತ್ತು ಕಳೆಯಲು ಮಾಡಿದ್ದು ಎಂಬ ಮಾತು ನಡೆಯದು.

ಇಷ್ಟೊಂದು ಬಿಗಿ ಏಕೆ? ಅವರ ಕಡೆಯಿಂದಲೂ ನೋಡಬೇಕು. 2024ರಲ್ಲಿ ಆ ಪುಟ್ಟ ದೇಶದ ಜನಸಂಖ್ಯೆ ಸುಮಾರು 60 ಲಕ್ಷ. ಅದರಲ್ಲಿ ಪ್ರಜೆಗಳು 36 ಲಕ್ಷದಷ್ಟು, ಕಾಯಂ ವಾಸಿಗಳಲ್ಲದ ಹೊರಗಿನವರು 18 ಲಕ್ಷಕ್ಕೂ ಹೆಚ್ಚು. ಬಂದವರು ತಮ್ಮ ಮಕ್ಕಳ ಅನ್ನ ಕಿತ್ತುಕೊಳ್ಳದೆ ನಾಲ್ಕು ಜನಕ್ಕೆ ಅನ್ನ ಕೊಡಲಿ ಎಂಬುದು ಅವರ ಲೆಕ್ಕಾಚಾರ.

ದೇಶಕ್ಕೊಂದು ಕಟ್ಟಳೆ

ಸಿಂಗಾಪುರದ ನಿಯಮ ಎಲ್ಲ ಕಡೆ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ನೌಕರಿ ವೀಸಾದ ಮೇಲೆ ಹೋದ ಗಂಡಸು ಆ ನೌಕರಿಗೇ ಕಟ್ಟುಬಿದ್ದಿರುತ್ತಾನೆ. ಜೊತೆಗೆ ಹೋದ ಹೆಂಡತಿ ಮಾತ್ರ ನೌಕರಿಯನ್ನೂ ಮಾಡಬಹುದು, ಸ್ವಂತ ವ್ಯಾಪಾರವನ್ನೂ ಮಾಡಬಹುದು! ಅಮೆರಿಕದಲ್ಲಿ ಇದು ತಿರುಗುಮುರುಗು. ಎಚ್-1ಬಿ ನೌಕರನ ಹೆಂಡತಿಗೆ ಬರಿಯ ಎಚ್-4 ವೀಸಾ ಇದ್ದರೆ ದುಡಿಯುವಂತಿಲ್ಲ. 2015ರ ಮೇ ತಿಂಗಳಿನಿಂದ, ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಅವಳು ಕೆಲಸದ ಪರವಾನಗಿ ಕೇಳಬಹುದು. ಅದು ಕೈಗೆ ಬಂದ ಮೇಲೆ ಸ್ವಂತ ಅಂಗಡಿಯನ್ನೂ ಇಡಬಹುದು. ಬಂಡವಾಳ ಹಾಕಿ ತಾನೇ ವ್ಯಾಪಾರ ನಡೆಸುವವರಿಗೆ ಅಮೆರಿಕ ಕೊಡುವ ಇ-2 ವೀಸಾ ಒಪ್ಪಂದವಿರುವ ದೇಶದವರಿಗೆ ಮಾತ್ರ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. "ಇ-2 ಮಾಡಿಸಿಕೊಡುತ್ತೇನೆ" ಎಂದು ಭಾರತದ ಪಾಸ್‌ಪೋರ್ಟಿನವರಿಂದ ದುಡ್ಡು ಕೇಳುವವರನ್ನು ನಂಬುವುದು ಹೇಗೆ?

ಒಡವೆ ಬಿಚ್ಚುವ ಮುನ್ನ

ಮನೆಯಲ್ಲಿ ಇಂಥ ಮಾತು ಬಂದಾಗ ಹೆಂಗಸರು ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು.

ಯಾವ ಪಾಸು? ಅದರ ಹೆಸರೇನು? ನಮ್ಮ ವ್ಯಾಪಾರ ಅದರಡಿ ಬರುತ್ತದೆಯೇ? ಏಜೆಂಟರ ಬಾಯಿಮಾತು ಬೇಡ, ಆ ದೇಶದ ಸರ್ಕಾರಿ ಇಲಾಖೆ ಬರೆದಿರುವುದನ್ನು ಓದಿ ತೋರಿಸಲಿ.

ಅರ್ಜಿ ಮೊದಲೋ, ಖರ್ಚು ಮೊದಲೋ? ಆಂಟ್ರಪಾಸಿಗೆ ಕಂಪನಿ ನೋಂದಣಿಗೆ ಮುಂಚೆಯೇ ಅರ್ಜಿ ಹಾಕಿ, ಫಲಿತಾಂಶ ತಿಳಿದ ಮೇಲೆ ಕಂಪನಿ ತೆರೆಯಬಹುದು. ಹೀಗಿರುವಾಗ ಮಳಿಗೆಗೆ ಮುಂಗಡ ಕೊಟ್ಟು ಆಮೇಲೆ ಪಾಸಿಗೆ ಕಾಯುವುದು ಯಾಕೆ?

ದುಡ್ಡು ಹೇಗೆ ಹೋಗುತ್ತದೆ? ಭಾರತದಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಕಳಿಸಬಹುದು. ಬ್ಯಾಂಕಿನ ದಾರಿ ಬಿಟ್ಟು ಕೈಯಿಂದ ಕೈಗೆ ಕೊಟ್ಟ ದುಡ್ಡಿಗೆ ಸಾಕ್ಷಿಯೂ ಇಲ್ಲ, ರಕ್ಷಣೆಯೂ ಇಲ್ಲ.

ಷೇರು ಯಾರ ಹೆಸರಲ್ಲಿ? ಒಡವೆ ನಿಮ್ಮದಾದರೆ ಕಾಗದದಲ್ಲೂ ನಿಮ್ಮ ಹೆಸರು ಇರಲಿ.

ಪಾಸು ಮುಂದುವರಿಯದಿದ್ದರೆ? ಗಂಡನ ಪಾಸು ರದ್ದಾದರೆ ಅದಕ್ಕೆ ಅಂಟಿಕೊಂಡ ಹೆಂಡತಿ ಮಕ್ಕಳ ಪಾಸೂ ಹೋಗುತ್ತದೆ. ಮಕ್ಕಳ ಶಾಲೆ, ಮಳಿಗೆಯ ಬಾಡಿಗೆ ಕರಾರು, ಕೆಲಸದವರ ಸಂಬಳ ಮಾತ್ರ ತಲೆಯ ಮೇಲೇ ಉಳಿಯುತ್ತವೆ. ವಾಪಸು ಬರುವ ಖರ್ಚಾದರೂ ಬೇರೆ ಎತ್ತಿಟ್ಟಿರಲಿ.

ಇದನ್ನೆಲ್ಲ ಕೇಳಿದರೆ "ಹೊರಡುವಾಗ ಅಪಶಕುನ" ಎನ್ನುವವರು ಇರುತ್ತಾರೆ. ಎನ್ನಲಿ ಬಿಡಿ. ಮಕ್ಕಳ ಸಾಹಸಕ್ಕೆ ಅಡ್ಡ ಬರುವುದು ಬೇಡ, ಗಟ್ಟಿ ನೆಲದ ಮೇಲೆ ಕಾಲಿಡಲು ನೆರವಾದರೆ ಸಾಕು. ಸರ್ಕಾರದ ಒಪ್ಪಿಗೆ ಪತ್ರ ಮೊದಲು ಮನೆಗೆ ಬರಲಿ, ಬಳೆ ಆಮೇಲೆ ಬ್ಯಾಂಕಿಗೆ ಹೋಗಲಿ.