ಹಳದಿ ಗುರುತಿನ ಬೆನ್ನು ಹತ್ತಿ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಮಧ್ಯಾಹ್ನ. ಮಾನಿಟರ್ ಪೆಟ್ಟಿಗೆಗಳನ್ನು ಹೇರಿಕೊಂಡ ಕೈಗಾಡಿ ಸ್ಕೂಟರಿಗೆ ದಾರಿ ಬಿಡದೆ ನಿಂತಿದೆ. ಸ್ಕೂಟರಿನವನು ಹಾರನ್ ಒತ್ತಿದ್ದೇ ಒತ್ತಿದ್ದು. ಆ ಗದ್ದಲ ದಾಟಿ ಕಡಿದಾದ ಮೆಟ್ಟಿಲು ಹತ್ತಿದರೆ ರಿಪೇರಿ ಅಂಗಡಿ. ಗೋಡೆಗೊರಗಿದ ಬಿಚ್ಚಿದ ಕ್ಯಾಬಿನೆಟ್ಟುಗಳು, ಧೂಳೂದುವ ಬ್ಲೋವರ್, ಸ್ಕ್ರೂ ತುಂಬಿದ ಹಾರ್ಲಿಕ್ಸ್ ಬಾಟಲಿ.

ಸ್ಟೂಲಿನ ಮೇಲೆ ಕೂತವರು ಮಾಗಡಿ ಕಡೆ ಲಗ್ನಪತ್ರಿಕೆ ಮಾಡಿಕೊಡುವವರು. ಅವರ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ. ಹಳೇ ಪೇಜ್‌ಮೇಕರ್ ಫೈಲುಗಳು, ಅದಕ್ಕಿಂತ ಹಳೇ ಸ್ಕ್ಯಾನರು, ಎಲ್ಲ ಅದನ್ನೇ ನಂಬಿಕೊಂಡಿವೆ. ಊರಲ್ಲಿ ಯಾರೋ ಫಾರ್ಮ್ಯಾಟ್ ಮಾಡಿಕೊಟ್ಟರಂತೆ. ಈಗ ಸೌಂಡಿಲ್ಲ, ನೆಟ್ಟಿಲ್ಲ, ಪರದೆಯ ಅಕ್ಷರಗಳು ಊದಿಕೊಂಡಿವೆ.

“ಡ್ರೈವರ್ ಸೀಡಿ ಇದೆಯಾ ಸಾರ್?”

“ತಗೊಂಡಾಗ ಕೊಟ್ಟಿದ್ರಪ್ಪ. ಎಲ್ಲಿಟ್ಟೆನೋ.”

ಕೇಳಿದ ರಿಪೇರಿ ಹುಡುಗನಿಗೆ ಈ ಉತ್ತರ ಹೊಸದಲ್ಲ. ಡಿವೈಸ್ ಮ್ಯಾನೇಜರ್ ತೆರೆಯುತ್ತಾನೆ. ಸಾಲಾಗಿ ಹಳದಿ ಗುರುತುಗಳು: ಆ ಭಾಗಗಳನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇಲ್ಲವೆಂದು. ಎಕ್ಸ್‌ಪಿ ಬಂದದ್ದು 2001ರಲ್ಲಿ. ಈ ಬೋರ್ಡಿನ ಇಂಟೆಲ್ ಜಿ31 ಚಿಪ್‌ಸೆಟ್ 2007ರದು. ತನ್ನ ನಂತರ ಹುಟ್ಟಿದ ಚಿಪ್ಪುಗಳ ಪರಿಚಯ ಅದಕ್ಕೆಲ್ಲಿಂದ ಬರಬೇಕು? ನೆಟ್‌ ಡ್ರೈವರ್ ತರಲು ನೆಟ್ಟೇ ಬೇಕು, ನೆಟ್ಟಿಗೆ ಡ್ರೈವರ್ ಬೇಕು. ಹೀಗಾಗಿ ಪಕ್ಕದ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿನಲ್ಲಿ ಸಾಗಾಟ. ಅದೇ ಒಳ್ಳೆಯದೆನ್ನಿ. 2014ರ ಏಪ್ರಿಲ್ 8ಕ್ಕೇ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿದೆ. ಇಂಥ ಯಂತ್ರ ನೆಟ್ಟಿನಿಂದ ದೂರವಿದ್ದಷ್ಟೂ ಕ್ಷೇಮ.

ಹುಡುಗ ಕಂಪ್ಯೂಟರಿನ ಹೆಸರು ಹಿಡಿದು ಹುಡುಕುವವನಲ್ಲ, ನಂಬರು ಹಿಡಿಯುವವನು. ಹಳದಿ ಗುರುತಿನ ಮೇಲೆ ಎರಡು ಸಲ ಒತ್ತಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡುತ್ತಾನೆ. ವೆಂಡರ್ 8086 ಎಂದಿದ್ದರೆ ಇಂಟೆಲ್; 1978ರಲ್ಲಿ ತಾನು ತಂದ ಪ್ರೊಸೆಸರಿನ ಸಂಖ್ಯೆಯನ್ನೇ ಕಂಪನಿ ತನ್ನ ಗುರುತಾಗಿಸಿಕೊಂಡಿದೆ. 10ಇಸಿ ಎಂದಿದ್ದರೆ ರಿಯಲ್‌ಟೆಕ್. ಅದರ ಮುಂದೆ 8168 ಕಂಡದ್ದೇ ಹುಡುಗನ ಮುಖ ಅರಳಿತು. “ನೆಟ್ ಸಿಕ್ತು ಸಾರ್.”

ಸೌಂಡು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೊದಲು ಬೋರ್ಡ್ ತಯಾರಕರ ತಾಣ. ಅಲ್ಲಿಲ್ಲದಿದ್ದರೆ ಚಿಪ್ ಮಾಡಿದವರದು. ಅಲ್ಲೂ ಹಳೆಯವು ಎಂದೆಂದಿಗೂ ಇರುವುದಿಲ್ಲ. ಇಂಟೆಲ್ 2019ರಲ್ಲಿ ಹಲವು ಹಳೇ ಡ್ರೈವರುಗಳನ್ನು ತೆಗೆದುಹಾಕಿತು. ಆಮೇಲಿನ ಆಸರೆ ಇಂಟರ್ನೆಟ್ ಆರ್ಕೈವ್. ಯಾರ‍್ಯಾರೋ ಪುಣ್ಯಾತ್ಮರು ತಮ್ಮ ಡ್ರೈವರ್ ಸೀಡಿಗಳ ನಕಲನ್ನು ಅಲ್ಲಿ ಏರಿಸಿದ್ದಾರೆ. ಇವುಗಳ ನಡುವೆ ಹಸಿರು ಡೌನ್‌ಲೋಡ್ ಬಟನ್ನುಗಳ ಸಂತೆ. “ನಿಮ್ಮ ಡ್ರೈವರೆಲ್ಲ ನಾವೇ ಹುಡುಕುತ್ತೇವೆ” ಎನ್ನುವ ತಂತ್ರಾಂಶಗಳನ್ನು ಹುಡುಗ ಮುಟ್ಟುವುದೇ ಇಲ್ಲ. ಅವನದು ಸರಿಯಾದ ಹಟ: ಡ್ರೈವರ್ ಕೂರುವುದು ಆಪರೇಟಿಂಗ್ ಸಿಸ್ಟಮ್ಮಿನ ಗರ್ಭಗುಡಿಯಲ್ಲಿ, ಗುರುತಿಲ್ಲದವರನ್ನು ಅಲ್ಲಿಗೆ ಬಿಡಬಾರದು. ಇಳಿಸಿಕೊಂಡ ಫೈಲಿನ ಪ್ರಾಪರ್ಟೀಸ್ ತೆರೆದು, ಡಿಜಿಟಲ್ ಸಹಿ ಯಾರದೆಂದು ನೋಡಿಯೇ ಮುಂದುವರಿಯುತ್ತಾನೆ.

ಹಾಕಿದರೂ ಸದ್ದಿಲ್ಲ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿದ. ಹಳೇ ಯಂತ್ರಾಂಶಗಳ ಎಷ್ಟೋ ಡ್ರೈವರುಗಳು ಅದರ ಕರ್ನಲ್ಲಿನಲ್ಲೇ ಇರುತ್ತವೆ. ಸ್ಪೀಕರ್ ಉಲಿಯಿತು. ಅಲ್ಲಿಗೆ ಚಿಪ್ಪು ಸುಟ್ಟಿಲ್ಲ, ಹಾಕಿದ ಡ್ರೈವರ್ ಆವೃತ್ತಿಯೇ ತಪ್ಪು ಎಂದಾಯಿತು. ಎರಡನೆಯದು ಕೂತಿತು.

ನಿಮ್ಮ ಅಟ್ಟದ ಮೇಲೂ ಇಂಥ ಸೀಡಿಗಳಿರಬಹುದು. ಗುಜರಿಗೆ ಹಾಕುವ ಮುನ್ನ ಒಂದು ನಕಲು ತೆಗೆದು, ಬೋರ್ಡಿನ ಮಾಡೆಲ್ ನಂಬರನ್ನು ಫೋಲ್ಡರಿನ ಹೆಸರಾಗಿಟ್ಟು ಉಳಿಸಿಕೊಳ್ಳಿ.